ನೀರಿಗೆ ದಾರಿ ಬಿಟ್ಟು ಮನೆ ಕಟ್ಟಿ

ಹೋದ ತಿಂಗಳು ನನ್ನ ತಂಗಿಯ ಮಗ ಕಟ್ಟಿಸುತ್ತಿರುವ ಮನೆ ನೋಡಲು ಶಿವಮೊಗ್ಗಕ್ಕೆ ಹೋಗಿದ್ದೆ. ಗೃಹಪ್ರವೇಶಕ್ಕೆ ಇನ್ನು ಮೂರು ವಾರ ಇತ್ತು. ಹಾಲಿನ ಸೀಲಿಂಗು, ಲೈಟು, ಟಿವಿ ಗೋಡೆ ಎಲ್ಲ ತೋರಿಸಿದರು. ನಾನು ಒಂದು ಬಕೆಟ್ ನೀರು ಕೇಳಿದೆ. ಬಚ್ಚಲುಮನೆಯ ಮೂಲೆಯಲ್ಲಿ ನಿಧಾನಕ್ಕೆ ಸುರಿದೆ. ನೀರು ಜಾಲರಿಯ ಕಡೆ ಹೋಗಲಿಲ್ಲ. ಬಾಗಿಲ ಕಡೆಗೆ ಬಂದು ಹೊಸ್ತಿಲ ಹತ್ತಿರ ನಿಂತುಬಿಟ್ಟಿತು. "ದೊಡ್ಡಮ್ಮ, ಟೈಲ್ಸ್ ಕತ್ತರಿಸೋದು ಬೇಡ, ಪೂರ್ತಿ ಟೈಲ್ಸೇ ಕೂರಲಿ ಅಂತ ನಾನೇ ಹೇಳಿದ್ದೆ" ಅಂದ ಹುಡುಗ. ಕೆಲಸದವನು ವಾಟ, ಅಂದರೆ ನೀರು ಜಾಲರಿಯ ಕಡೆ ಹರಿಯುವ ಇಳಿಜಾರು, ಕೊಡಲು ಹೊರಟಿದ್ದನಂತೆ. ದೊಡ್ಡ ಟೈಲ್ಸಿಗೆ ವಾಟ ಕೊಡಬೇಕಾದರೆ ಜಾಲರಿಯ ಸುತ್ತ ಓರೆಯಾಗಿ ಕತ್ತರಿಸಲೇಬೇಕು. ಗೆರೆ ಕಾಣುತ್ತದೆ, ಚಂದ ಇರುವುದಿಲ್ಲ ಅಂತ ಇವನು ತಡೆದಿದ್ದ.

ಮನೆ ಸೋರಿದರೆ, ಬಿರುಕು ಬಿಟ್ಟರೆ ಮೇಸ್ತ್ರಿ ಹಾಳು ಮಾಡಿದ ಅನ್ನುವುದು ರೂಢಿ. ನಮ್ಮ ಮನೆ, ಮೈದುನನ ಮನೆ, ಮೈಸೂರಿನಲ್ಲಿ ಮಗಳ ಮನೆ, ಮೂರನ್ನೂ ಪಾಯದಿಂದ ಸುಣ್ಣಬಣ್ಣದ ತನಕ ನಿಂತು ನೋಡಿದ್ದೇನೆ. ಅರ್ಧಕ್ಕರ್ಧ ಎಡವಟ್ಟು ನಾವು ಮನೆಯವರೇ ಹೇಳಿ ಮಾಡಿಸಿದ್ದು. ಫೋನಿನಲ್ಲಿ ನೋಡಿದ ಒಂದು ಚಿತ್ರ, ಯಾರೋ ಹೇಳಿದ ಮಾತು, ನಾಲ್ಕು ದಿನ ಬೇಗ ಮುಗಿಯಲಿ ಅನ್ನುವ ಆತುರ. ಕಣ್ಣಿಗೆ ಕಾಣುವ ಕಡೆ ದುಡ್ಡು ಸುರಿಯುತ್ತೇವೆ. ಮುಚ್ಚಿಹೋಗುವ ಕಡೆ ಉಳಿಸಲು ನೋಡುತ್ತೇವೆ. ನೀರು ಓಡಾಡುವುದು ಆ ಮುಚ್ಚಿಹೋಗುವ ಕಡೆಯಲ್ಲೇ ಅಲ್ವಾ? ಅದಕ್ಕೇ ಯಾರು ಮನೆ ಕಟ್ಟಿಸುತ್ತೇನೆ ಅಂದರೂ ನಾನು ಒಂದು ಮಾತು ಹೇಳುತ್ತೇನೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಸೀಲಿಂಗು, ಲೈಟು ಆಮೇಲೆ.

ಬಚ್ಚಲುಮನೆಯ ಮಾತು ಬಂತಲ್ಲ, ಅದನ್ನೇ ಮುಗಿಸುತ್ತೇನೆ. ಮಹಡಿಯ ಬಚ್ಚಲಿಗೆ ಸ್ಲ್ಯಾಬನ್ನು ಪಕ್ಕದ ಕೋಣೆಗಿಂತ ಎಂಟು ಇಂಚೋ ಒಂದಡಿಯೋ ತಗ್ಗಿಸಿ ಹಾಕುತ್ತಾರೆ. ಪೈಪುಗಳೆಲ್ಲ ಆ ತಗ್ಗಿನಲ್ಲಿ ಹೋಗುತ್ತವೆ. ಆಮೇಲೆ ತಗ್ಗನ್ನು ತುಂಬಬೇಕು. ಉಳಿತಾಯ ಮಾಡುವುದು ಇಲ್ಲೇ. ಒಡೆದ ಇಟ್ಟಿಗೆ, ಗಿಲಾವಿನ ಉದುರು, ಮರದ ಚೂರು, ಸಿಮೆಂಟ್ ಚೀಲ, ಕೆಲಸದ ಕಸವೆಲ್ಲ ಅದರೊಳಗೆ ಹೋಗುತ್ತದೆ. ಹೊರಗೆ ಸಾಗಿಸುವ ಬಾಡಿಗೆ ಉಳಿಯಿತು ಅಂತ ಮನೆಯವರಿಗೆ ಸಮಾಧಾನ. ಟೈಲ್ಸ್ ಸಂದಿಯಿಂದ ಇಳಿಯುವ ನೀರು ಆ ಕಸದಲ್ಲಿ ಕೂತುಕೊಳ್ಳುತ್ತದೆ. ಎರಡು ಮೂರು ವರ್ಷಕ್ಕೆ ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಉಬ್ಬುತ್ತದೆ, ಕೆಳಗಿನ ಸೀಲಿಂಗಿನಲ್ಲಿ ಹಳದಿ ಕಲೆ ಬೀಳುತ್ತದೆ. ಆಗ ಟೈಲ್ಸ್ ಎಲ್ಲ ಒಡೆಯದೆ ಬೇರೆ ದಾರಿ ಇರುವುದಿಲ್ಲ.

ನೀವು ಹೀಗೆ ಮಾಡಿಸಿ. ಪೈಪು ಕೂರಿಸಿದ ಮೇಲೆ ಆ ತಗ್ಗನ್ನು ಗುಡಿಸಿ, ತೊಳೆದು, ಒಣಗಿಸಿ ವಾಟರ್‌ಪ್ರೂಫ್ ಬಳಿಸಿ. ಗೋಡೆಗೂ ಹತ್ತಿಸಿ. ಸ್ನಾನ ಮಾಡುವ ಕಡೆ ಆಳೆತ್ತರ, ಉಳಿದ ಕಡೆ ಒಂದಡಿಯಾದರೂ ಇರಲಿ. ಒಣಗಿದ ಮೇಲೆ ಪೈಪಿನ ಬಾಯಿ ಬಿಗಿಯಾಗಿ ಮುಚ್ಚಿ ನೀರು ನಿಲ್ಲಿಸಿ. ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ. 48 ಗಂಟೆ ಹಾಗೇ ಬಿಡಿ. ಆಮೇಲೆ ಗೀಟು ನೋಡಿ, ಕೆಳಗೆ ಹೋಗಿ ಏಣಿ ಹತ್ತಿ ಸ್ಲ್ಯಾಬಿನ ಅಡಿ ಕೈಯಾಡಿಸಿ ನೋಡಿ. ತಣ್ಣಗೆ ಒದ್ದೆ ಹತ್ತಿದರೆ ಮುಂದಿನ ಕೆಲಸ ನಿಲ್ಲಿಸಿ. ಒಣಗಿದ್ದರೆ ಮಾತ್ರ ಇಟ್ಟಿಗೆ ಜಲ್ಲಿಯನ್ನು ಸಿಮೆಂಟ್ ಗಾರೆಯಲ್ಲಿ ಕಲಸಿ ತುಂಬಿಸಿ. ಕಸ ತುಂಬಲು ಬಿಡಬೇಡಿ.

ಬಚ್ಚಲಿನ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರೊಳಗೆ ಸುಮಾರು ಎರಡು ಇಂಚು ನೀರು ಯಾವಾಗಲೂ ನಿಂತಿರಬೇಕು. ಚರಂಡಿಯ ವಾಸನೆ, ಜಿರಲೆ ಮೇಲೆ ಬರದಂತೆ ತಡೆಯುವುದು ಆ ನೀರೇ. ನೀರು ಬೇಗ ಹೋಗಲಿ ಅಂತ ಅದರೊಳಗಿನ ಬಟ್ಟಲನ್ನೇ ತೆಗೆಸಿಬಿಡುವವರಿದ್ದಾರೆ. ಆಮೇಲೆ ಮನೆಯಲ್ಲಿ ಏನೋ ವಾಸನೆ ಅಂತ ಊದಿನಕಡ್ಡಿ ಹಚ್ಚುತ್ತಾರೆ. ಬಟ್ಟಲು ತೆಗೆದು ತೊಳೆಯಿರಿ, ಮತ್ತೆ ಅಲ್ಲೇ ಇಡಿ. ತಂಗಿಯ ಮಗ ಜಾಲರಿಯ ಸುತ್ತಲಿನ ಟೈಲ್ಸ್ ತೆಗೆಸಿ ಓರೆಯಾಗಿ ಕತ್ತರಿಸಿ ಮತ್ತೆ ಹಾಕಿಸಿದ. ಹೆಚ್ಚಿಗೆ ಎರಡು ದಿನದ ಕೂಲಿ ಹೋಯಿತು. ಇದು ಗೃಹಪ್ರವೇಶಕ್ಕೆ ಮೊದಲೇ ಆಯಿತಲ್ಲ ಅಂತ ನನಗೆ ನೆಮ್ಮದಿ.

ಇನ್ನು ಮೋಲ್ಡ್ ಹಾಕುವ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ದಿನ. ಇದು ನಮ್ಮದೇ ಮನೆಯಲ್ಲಿ ಆದದ್ದು. ನಮ್ಮದು ತೀರ್ಥಹಳ್ಳಿ ಕಡೆ. 1989ರ ಏಪ್ರಿಲ್. ಬೆಳಿಗ್ಗೆ ಬಿಸಿಲಿತ್ತು, ಮಧ್ಯಾಹ್ನ ಮೋಡ ಕಟ್ಟಿತು. ಮಳೆ ಬರುವುದರೊಳಗೆ ಮುಗಿಯಲಿ ಅಂತ ನಮ್ಮ ಯಜಮಾನರು ಅವಸರ ಮಾಡಿದರು. ಗಟ್ಟಿಯಾಗಿದ್ದರೆ ಎಳೆಯಲು ತಡ ಆಗುತ್ತದೆ ಅಂತ ಕಾಂಕ್ರೀಟಿಗೆ ಒಂದೊಂದು ಕೊಡ ನೀರು ಜಾಸ್ತಿ ಹಾಕಿಸಿದೆವು. ಪಾಯಸದ ಹಾಗೆ ಹರಿಯಿತು, ಕೆಲಸ ಬೇಗ ಮುಗಿಯಿತು. ಆ ದಿನ ಕೊನೆಗೆ ಹಾಕಿದ ಭಾಗ ಅಡಿಗೆಮನೆಯ ಮೇಲೆ ಬಂತು. ಹದಿನೈದು ವರ್ಷಕ್ಕೆ ಅಲ್ಲಿ ಕಾಂಕ್ರೀಟ್ ಚಕ್ಕೆ ಎದ್ದು ತುಕ್ಕು ಹಿಡಿದ ಕಬ್ಬಿಣ ಹೊರಗೆ ಕಂಡಿತು. ಎರಡು ಸಲ ಕೆರೆಸಿ ಸರಿ ಮಾಡಿಸಿದ್ದೇವೆ. ಉಳಿದ ಕೋಣೆಗಳಿಗೆ ಏನೂ ಆಗಿಲ್ಲ. ಅದೇ ಸಿಮೆಂಟು, ಅದೇ ಕಬ್ಬಿಣ, ಅದೇ ಕೆಲಸದವರು.

50 ಕೆ.ಜಿ. ಚೀಲ ಸಿಮೆಂಟಿಗೆ ನೀರು 25 ಲೀಟರ್ ಆಸುಪಾಸು ಸಾಕು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಹೆಚ್ಚಾದ ನೀರು ಆರಿಹೋದ ಮೇಲೆ ಆ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ. ಬಲವೂ ಕಡಿಮೆ, ಆ ತೂತಿನಲ್ಲೇ ತೇವವೂ ಕಬ್ಬಿಣಕ್ಕೆ ಹೋಗುತ್ತದೆ. ಕಾಂಕ್ರೀಟ್ ಗಟ್ಟಿ ಅನ್ನಿಸಿದರೆ ನೀರು ಹಾಕಬೇಡಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿಸಿ. ಇನ್ನೊಂದು, ಕಬ್ಬಿಣದ ಕೆಳಗೆ, ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇದೆಯಾ ಅಂತ ಹಿಂದಿನ ದಿನವೇ ಬಗ್ಗಿ ನೋಡಿ. ಸ್ಲ್ಯಾಬಿಗೆ ಮುಕ್ಕಾಲು ಇಂಚಿನದು. ಅದರ ಬದಲು ಜಲ್ಲಿ ಕಲ್ಲು ಕೊಟ್ಟು ಎತ್ತಿದರೆ ತುಳಿದಾಗ ಜಾರುತ್ತದೆ, ಕಬ್ಬಿಣ ಹಲಗೆಗೆ ತಾಗಿ ಕೂರುತ್ತದೆ. ಒಂದು ಬುಟ್ಟಿ ಕವರ್ ಬ್ಲಾಕಿಗೆ ಎಷ್ಟು ಮಹಾ ಖರ್ಚು?

ಮೋಲ್ಡ್ ಹಾಕಿದ ಮರುದಿನ ಬೆಳಿಗ್ಗೆ ಸ್ಲ್ಯಾಬಿನ ಮೇಲೆ ಗಾರೆಯಿಂದ ಪಾತಿ ಕಟ್ಟಿ ನೀರು ನಿಲ್ಲಿಸಿ. ಈಗ ಎಲ್ಲ ಕಡೆ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ 10 ದಿನವಂತೂ ಬೇಕೇ ಬೇಕು, 14 ದಿನ ನಿಲ್ಲಿಸಿದರೆ ಒಳ್ಳೆಯದು. ಪಿಲ್ಲರಿಗೆ ಗೋಣಿಚೀಲ ಸುತ್ತಿ ಒದ್ದೆ ಇಡಿ. ಸುಮ್ನೆ ಬೆಳಿಗ್ಗೆ ಒಂದು ಸಲ ಪೈಪು ಹಿಡಿದರೆ ಹತ್ತು ಗಂಟೆಯ ಬಿಸಿಲಿಗೆ ಒಣಗಿರುತ್ತದೆ. ಕಾಂಕ್ರೀಟನ್ನು ಕೆಳಗಿನಿಂದ ಹಿಡಿದಿಡುವ ಸೆಂಟ್ರಿಂಗ್ ಶೀಟಿನ ಬಾಡಿಗೆ ಉಳಿಸಲು ಬೇಗ ಬಿಚ್ಚಿಸಬೇಡಿ. ಚಿಕ್ಕ ಕೋಣೆಗೂ 14 ದಿನ, ತೊಲೆಗಳ ಕೆಳಗಿನ ಆಸರೆಗೆ 21 ದಿನ ಅಂತ ಮೊದಲೇ ಮಾತಾಡಿಕೊಂಡಿರಿ.

ಮಲೆನಾಡಿನವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಆಗುಂಬೆ ನಮಗೆ ಹತ್ತಿರ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಇಂಥ ಊರಲ್ಲಿ ಅಜ್ಜನ ಕಾಲದ ಹಂಚಿನ ಮನೆ ಕೆಡವಿ, ಬಯಲುಸೀಮೆಯ ಹಾಗೆ ಸಪಾಟು ಟೆರೇಸ್ ಮನೆ ಕಟ್ಟಿಸುತ್ತೇವೆ. ಮೂರನೇ ಮಳೆಗಾಲಕ್ಕೆ ಸೋರುತ್ತದೆ. ಆಮೇಲೆ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುತ್ತೇವೆ. ಒಂದು ಮನೆಗೆ ಎರಡು ಮಾಡಿನ (ಚಾವಣಿಯ) ಖರ್ಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ನಮ್ಮ ಕಡೆಯ ಮನೆಗಳು ಆ ಹಂಚಿನ ಕೆಳಗೇ ಮಳೆಗಾಲ ಕಳೆದಿವೆ. ಒಂದು ಹಂಚು ಒಡೆದರೆ ಅದೊಂದನ್ನು ಬದಲಾಯಿಸಿದರೆ ಆಯಿತು. ಟೆರೇಸ್ ಎಲ್ಲಿ ಸೋರುತ್ತದೆ ಅಂತ ಹುಡುಕುವುದೇ ದೊಡ್ಡ ಕೆಲಸ. ನೀರು ಒಂದು ಕಡೆ ಇಳಿದು ಹತ್ತಡಿ ಆಚೆ ತೊಟ್ಟಿಕ್ಕುತ್ತದೆ.

ಟೆರೇಸೇ ಬೇಕು ಅನ್ನುವುದಾದರೆ ಮುಂದೆ ಮಾಡು ಬರುತ್ತದೆ ಅಂತಲೇ ಈಗ ಯೋಚಿಸಿ. ಪಿಲ್ಲರ್ ಹಾಕುವಾಗಲೇ ಅದರ ತಲೆಯ ಮೇಲೆ ಕಂಬ ಕೂರಿಸಲು ಕಬ್ಬಿಣದ ತಟ್ಟೆ ಇಡಿಸಿ. ಆಮೇಲೆ ಸ್ಲ್ಯಾಬಿಗೆ ಡ್ರಿಲ್ ಹಾಕಿ ಬೋಲ್ಟ್ ಕೂರಿಸಿದರೆ ಆ ಪ್ರತಿ ತೂತೂ ನೀರಿಗೆ ಬಾಗಿಲು. ಟೆರೇಸಿಗೆ ಎಂಟಡಿಗೆ ಒಂದು ಇಂಚಿನಷ್ಟು ವಾಟ ಇರಲಿ. ನೀರು ಇಳಿಯಲು ನಾಲ್ಕು ಇಂಚಿನ ಪೈಪು, ಅದೂ ಎರಡು ಕಡೆ. ಎಲೆ ಸಿಕ್ಕಿ ಒಂದು ಕಟ್ಟಿಕೊಂಡರೆ ಇನ್ನೊಂದು ಇರುತ್ತದೆ.

ಈಗ ಕಿಟಕಿಯ ಮೇಲೆ ಹೊರಗೆ ಚಾಚುವ ಸಜ್ಜವೇ ಇಲ್ಲದ ಮನೆಗಳು ಬಂದಿವೆ. ಎದುರಿಂದ ನೋಡಲು ಪೆಟ್ಟಿಗೆಯ ಹಾಗೆ ನುಣ್ಣಗೆ ಕಾಣಬೇಕಂತೆ. ಜುಲೈ ತಿಂಗಳಲ್ಲಿ ಆ ಮನೆಯ ಒಳಗೆ ಕೂತು ನೋಡಿ. ಕಿಟಕಿ ತೆರೆಯುವ ಹಾಗಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಯಲ್ಲಿ ಬೂಷ್ಟು. ಬಯಲುಸೀಮೆಯಲ್ಲಿ ಒಂದೂವರೆ ಅಡಿ, ನಮ್ಮ ಕಡೆ ಎರಡೂವರೆ ಅಡಿ ಸಜ್ಜ ಬೇಕು. ಸಜ್ಜದ ಅಡಿಯಲ್ಲಿ, ಅಂಚಿನಿಂದ ಒಂದು ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ಗೀರು ಬಿಡಿಸಿ. ಗಿಲಾವು ಹಸಿ ಇರುವಾಗ ಅರ್ಧ ಇಂಚಿನ ಪಟ್ಟಿ ಒತ್ತಿ ತೆಗೆದರೆ ಆಯಿತು. ನೀರು ಅಲ್ಲೇ ಕಡಿದು ಕೆಳಗೆ ಬೀಳುತ್ತದೆ, ಗೋಡೆಯ ತನಕ ಹರಿದು ಬರುವುದಿಲ್ಲ. ಹಳೆಯ ಮೇಸ್ತ್ರಿಗಳು ಹೇಳದೆ ಮಾಡುತ್ತಿದ್ದರು. ಈಗ ನೆನಪಿಸಬೇಕು.

ಸಂಪಿನ ಬಾಯಿಯನ್ನು ಕಾರು ನಿಲ್ಲಿಸುವ ಜಾಗದ ನಟ್ಟನಡುವೆ ಇಡುವವರು ಬಹಳ. ಪ್ರತಿ ಸಲ ಕಾರು ತೆಗೆಯಬೇಕು ಅಂತ ವರ್ಷಗಟ್ಟಲೆ ತೊಳೆಯುವುದೇ ಇಲ್ಲ. ಬಾಯಿ ಒಂದು ಬದಿಗೆ ಇರಲಿ. ನೆಲಕ್ಕಿಂತ ಆರು ಇಂಚು ಎತ್ತರ ಇರಲಿ, ಅಂಗಳ ತೊಳೆದ ನೀರು ಒಳಗೆ ಹೋಗಬಾರದು. ಪಾಯಿಖಾನೆಯ ಲೈನು, ಚೇಂಬರು ಇರುವ ಬದಿಯಲ್ಲಿ ಸಂಪು ಬೇಡವೇ ಬೇಡ. ಮೇಲಿನ ಟ್ಯಾಂಕಿನ ವಿಷಯಕ್ಕೆ ಬಂದರೆ, ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ. ಸ್ಲ್ಯಾಬಿನ ಮಧ್ಯದಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಬೇಡಿ. ಕೆಳಗೆ ಗೋಡೆಯೋ ತೊಲೆಯೋ ಇರುವ ಜಾಗ ನೋಡಿ. ಸೋಲಾರ್ ಹಾಕಿಸುವುದಾದರೆ ಟ್ಯಾಂಕಿನ ತಳ ಸೋಲಾರಿನ ಬಿಸಿನೀರಿನ ಟ್ಯಾಂಕಿಗಿಂತ ಮೇಲಿರಬೇಕು. ಇದನ್ನು ಮರೆತು ಆಮೇಲೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದವರನ್ನು ನಮ್ಮ ಬೀದಿಯಲ್ಲೇ ಮೂರು ಮನೆ ತೋರಿಸುತ್ತೇನೆ.

ನೀರಿಗೆ ಸಂಬಂಧ ಇಲ್ಲದ ಎರಡು ಅಳತೆ ಇವೆ. ಅವನ್ನು ಹೇಳದೆ ಬಿಡಲಾರೆ. ಒಂದು ಬಚ್ಚಲಿನ ಬಾಗಿಲು. ಜಾಗ ಉಳಿಸಲು ಎರಡಡಿ ಅಗಲಕ್ಕೆ ಇಳಿಸುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಅತ್ತೆಯವರು ಕೊನೆಯ ಎರಡು ವರ್ಷ ಗಾಲಿ ಕುರ್ಚಿಯಲ್ಲಿದ್ದರು. ಕುರ್ಚಿ ಬಾಗಿಲಲ್ಲಿ ತೂರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಇಬ್ಬರು ಸೇರಿ ಅವರನ್ನು ಎತ್ತಿ ಒಳಗೆ ಕರೆದುಕೊಂಡು ಹೋಗುತ್ತಿದ್ದೆವು. "ಸೊಸೆ, ನಿಂಗೆ ತೊಂದ್ರೆ ಕೊಡ್ತಿದೀನಿ" ಅನ್ನುತ್ತಿದ್ದರು. ಆ ಮಾತು ಈಗಲೂ ಕಿವಿಯಲ್ಲಿದೆ. ಕೆಳಮನೆಯಲ್ಲಿ ಒಂದು ಬಚ್ಚಲಿಗಾದರೂ ಚೌಕಟ್ಟು ಬಿಟ್ಟು 32 ಇಂಚು ಅಗಲ ಇಡಿ.

ಇನ್ನೊಂದು ಮೆಟ್ಟಿಲು. ಒಂದು ಮಹಡಿಗೆ ಹತ್ತಡಿ ಎತ್ತರ ಅಂದುಕೊಳ್ಳಿ, 120 ಇಂಚು. 18 ಮೆಟ್ಟಿಲು ಮಾಡಿದರೆ ಒಂದೊಂದೂ ಏಳು ಇಂಚಿಗೂ ಕಡಿಮೆ, ಆರಾಮಾಗಿ ಹತ್ತಬಹುದು. ಜಾಗ ಉಳಿಸಲು 14ಕ್ಕೆ ಮುಗಿಸಿದರೆ ಒಂದೊಂದೂ ಎಂಟೂವರೆ ಇಂಚು ದಾಟುತ್ತದೆ. ಏಳೂವರೆ ಮೀರಬಾರದು, ಕಾಲಿಡುವ ಅಗಲ ಹತ್ತು ಇಂಚಿಗಿಂತ ಕಡಿಮೆ ಆಗಬಾರದು. ಮೆಟ್ಟಿಲು ಹಾಕುವ ಮೊದಲು ಮೇಲಿನ ನೆಲಕ್ಕೆ ಯಾವ ಕಲ್ಲು, ಎಷ್ಟು ದಪ್ಪ ಅಂತ ಹೇಳಿಬಿಡಿ. ಆಮೇಲೆ ಎರಡು ಇಂಚು ಗಾರೆ, ಟೈಲ್ಸ್ ಬಂದರೆ ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ ಅಷ್ಟು ಜಾಸ್ತಿ ಎತ್ತರ ಆಗುತ್ತದೆ. ಕಾಲಿಗೆ ಒಂದೇ ಅಳತೆ ರೂಢಿಯಾಗಿರುತ್ತದೆ. ವಯಸ್ಸಾದವರು ಎಡವುವುದು ಆ ಕೊನೆಯ ಮೆಟ್ಟಿಲಲ್ಲೇ.

ಕರೆಂಟಿನಲ್ಲಿ ಒಂದೇ ಮಾತು. ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರ್ ಬಂದಿದೆಯಾ, ಆ ವೈರು ನೆಲದ ಗುಂಡಿಯ ತನಕ ಹೋಗಿದೆಯಾ ಅಂತ ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ. ಗೀಸರ್ ಇರುವ ಮನೆಯಲ್ಲಿ, ಕರೆಂಟ್ ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಇರಬೇಡಿ.

ವಾಸ್ತು ನೋಡುವವರು ನೋಡಿ, ನಾನೂ ನೋಡಿದವಳೇ. ಆದರೆ ನಕ್ಷೆ ಕಾಗದದ ಮೇಲಿರುವಾಗಲೇ ನೋಡಿ ಮುಗಿಸಿ. ಗೋಡೆ ಎದ್ದ ಮೇಲೆ ಇನ್ನೊಬ್ಬರನ್ನು ಕರೆಸಿ ಬಚ್ಚಲು ಆ ಕಡೆ, ಬಾಗಿಲು ಈ ಕಡೆ ಅಂದರೆ ಪೈಪಿಗಾಗಿ ತೊಲೆ ಕೊರೆಯುತ್ತಾರೆ. ತೊಲೆ, ಪಿಲ್ಲರ್ ಎರಡನ್ನೂ ಯಾರೂ ಕೊರೆಯಬಾರದು, ಯಾವ ಕಾರಣಕ್ಕೂ.

ಗಿಲಾವು ಆಗುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಗೋಡೆಗೆ ಅಳತೆಯ ಟೇಪ್ ಹಿಡಿಸಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ತೆಗೆಯಿರಿ. ಕೋಣೆಯ ಹೆಸರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಬರೆಯಿರಿ. ನೆಲಕ್ಕೆ ಟೈಲ್ಸ್ ಹಾಕುವ ಮೊದಲೂ ಹೀಗೇ ಮಾಡಿ. ಮಗಳ ಮನೆಯಲ್ಲಿ ಹಟ ಹಿಡಿದು ಮಾಡಿಸಿದ್ದೆ. ಹೋದ ವರ್ಷ ಅಡಿಗೆಮನೆಯ ಗೋಡೆ ಒದ್ದೆಯಾದಾಗ ಅಳಿಯಂದಿರು ಆ ಫೋಟೋ ತೆಗೆದು ಪ್ಲಂಬರಿಗೆ ತೋರಿಸಿದರು. ನೆಲದಿಂದ 22 ಇಂಚು, ಕಿಟಕಿಯಿಂದ 9 ಇಂಚು. ಒಂದೇ ಒಂದು ಟೈಲ್ಸ್ ತೆಗೆದ, ಸೋರುತ್ತಿದ್ದ ಜಾಯಿಂಟ್ ಅಲ್ಲೇ ಇತ್ತು. ಮಧ್ಯಾಹ್ನದ ಅಡಿಗೆ ಹೊತ್ತಿಗೆ ನಲ್ಲಿ ಮತ್ತೆ ಬಂತು.