ಸಾಕ್ಷಿಯನ್ನು ಕಥೆಯಾಗಿ ಬರೆಯುವುದು ಹೇಗೆ

ನಮ್ಮ ಕ್ರೈಸ್ತ ಸಭೆಗಳಲ್ಲಿ ಸ್ತ್ರೀಯರ ಕೂಟ ನಡೆದಾಗಲೆಲ್ಲ ಒಬ್ಬಿಬ್ಬರಾದರೂ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ, ಅಂದರೆ ದೇವರು ತಮ್ಮನ್ನು ನಡೆಸಿದ ಬಗೆಯನ್ನು ಎಲ್ಲರ ಮುಂದೆ ಹೇಳುತ್ತಾರೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನಡುವೆ ಒಮ್ಮೆ ಗಂಟಲು ಕಟ್ಟಿ ನಿಂತು, ಇಪ್ಪತ್ತು ವರ್ಷಗಳ ಬದುಕನ್ನು ಐದು ನಿಮಿಷದಲ್ಲಿ ಹೇಳಿ ಕುಳಿತುಬಿಡುತ್ತಾರೆ. ಕೇಳಿದವರ ಕಣ್ಣು ಒದ್ದೆಯಾಗಿರುತ್ತದೆ. ಅದೇ ಸಾಕ್ಷಿಯನ್ನು ಮನೆಗೆ ಬಂದು ಹಾಳೆಯ ಮೇಲೆ ಇಳಿಸಿದರೆ ಸಪ್ಪೆಯಾಗುತ್ತದೆ. ಹೇಳಿದವಳ ದನಿ, ಒರಟು ಬಿದ್ದ ಅಂಗೈ, ಅವಳ ಮನೆಯ ಸ್ಥಿತಿ ಕೇಳುವವರಿಗೆ ಮೊದಲೇ ಗೊತ್ತಿತ್ತು. ಓದುವವರಿಗೆ ಅದಾವುದೂ ಗೊತ್ತಿಲ್ಲ. ಶಿವಮೊಗ್ಗದಲ್ಲಿ ಕುಳಿತು ಹಲವು ವರ್ಷಗಳಿಂದ ಹೆಂಗಸರ ಬದುಕನ್ನು ಕಥೆಯಾಗಿ ಬರೆಯುತ್ತ, ಹರಿದು ಹಾಕುತ್ತ, ಮತ್ತೆ ಬರೆಯುತ್ತ ನಾನು ಕಲಿತದ್ದನ್ನು, ಇದೇ ಕೆಲಸಕ್ಕೆ ಕೈಹಾಕಬೇಕೆಂದಿರುವ ಅಕ್ಕತಂಗಿಯರಿಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹೊತ್ತಿನ ಮಾತು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಲ್ಲಿಯೇ ಹುಟ್ಟುವ ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿ ನಮ್ಮೂರಿಗೆ ಬರುತ್ತಾಳೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರವರ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದ್ದು ಬೆಳಕು ಹರಿಯುವ ಮುನ್ನ, ಏಕೆಂದರೆ ಹಗಲು ಹೊತ್ತೆಲ್ಲ ಮನೆಗೆಲಸಕ್ಕೇ ಸರಿಹೋಗುತ್ತಿತ್ತು. ಮುಂದೆ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ, ವಿಧವೆಯರಿಗೂ ಅನಾಥ ಹೆಣ್ಣುಮಕ್ಕಳಿಗೂ ಆಶ್ರಯ ಕಟ್ಟಿ, ಜೊತೆಗೆ ಪುಸ್ತಕಗಳನ್ನೂ ಬರೆದ ಈಕೆಯ ಓದು ಶುರುವಾದದ್ದು ಹಾಗೆ ಉಳಿಸಿಕೊಂಡ ಮುಂಜಾವುಗಳಲ್ಲಿ. ನಿಮಗೂ ಅಂಥದೊಂದು ಹೊತ್ತು ಬೇಕು. ಅರ್ಧ ಗಂಟೆ ಸಾಕು, ಆದರೆ ದಿನವೂ ಅದೇ ಅರ್ಧ ಗಂಟೆಯಾಗಿರಲಿ. ವಯಸ್ಸಾಯಿತೆಂದು ಹಿಂಜರಿಯುವವರು ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರನ್ನು ನೆನೆಯಬೇಕು: ಅವರು ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ.

ಮಲೆನಾಡಿನ ವರ್ಷಕ್ಕೂ ಈ ಕೆಲಸಕ್ಕೂ ಚೆನ್ನಾಗಿ ಹೊಂದುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಬರೆಯಲು ಯಾರ ಕೈಯೂ ಬಿಡುವಿರುವುದಿಲ್ಲ, ಆದರೆ ಕಿವಿ ಬಿಡುವಾಗಿರುತ್ತದೆ. ರಾತ್ರಿ ಸಾಲಾಗಿ ಮೆಟ್ಟುಗತ್ತಿಯ (ಮಣೆಗೆ ಜೋಡಿಸಿದ ಕತ್ತಿ) ಮೇಲೆ ಕುಳಿತು ಅಡಿಕೆ ಸುಲಿಯುವ ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡದೆ ಮಾತಾಡುತ್ತಾರೆ. ಕೂಟದಲ್ಲಿ ಬಾರದ ಮಾತು ಅಲ್ಲಿ ಬರುತ್ತದೆ. ಕೇಳುವುದಕ್ಕೆ ಆ ಕಾಲ, ಬರೆಯುವುದಕ್ಕೆ ಜಡಿಮಳೆಯ ಕಾಲ. ಆಷಾಢದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲವಾದ್ದರಿಂದ ಮೊದಲ ಕರಡನ್ನು ನೋಟುಬುಕ್ಕಿನಲ್ಲಿ ಕೈಯಿಂದಲೇ ಬರೆಯಿರಿ, ಆ ನೋಟುಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ಬೂಷ್ಟು ಹಿಡಿದ ಕರಡನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಓದಿದ ಅನುಭವದಿಂದ ಹೇಳುತ್ತಿದ್ದೇನೆ.

ಇನ್ನು ಕೇಳುವ ಬಗೆ. ಈ ಇಡೀ ಕೆಲಸದಲ್ಲಿ ಇದೇ ಕಷ್ಟದ ಭಾಗ, ಇದನ್ನು ಕಲಿಯಲು ನನಗೆ ಹೆಚ್ಚು ಕಾಲ ಹಿಡಿಯಿತು. ‘ಆಗ ನಿಮಗೆ ಹೇಗನಿಸಿತು?’ ಎಂದು ಕೇಳಬೇಡಿ. ಹಾಗೆ ಕೇಳಿದರೆ, ಸಭೆಯ ಉಪದೇಶಗಳಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿರುವ ಮಾತುಗಳೇ ಉತ್ತರವಾಗಿ ಬರುತ್ತವೆ. ಗಂಡನನ್ನು ಕಳೆದುಕೊಂಡು ಮೂರು ಮಕ್ಕಳನ್ನು ಬೆಳೆಸಿದ ಒಬ್ಬಾಕೆಯ ಕಥೆ ಬರೆಯಲೆಂದು ಹೋದಾಗ ಆಕೆ ‘ದೇವರು ನಡೆಸಿದ’ ಎಂದು ಮೂರು ಸಲ ಹೇಳಿ ಸುಮ್ಮನಾದರು. ಅದು ಸುಳ್ಳಲ್ಲ, ಆದರೆ ಅದನ್ನೇ ಬರೆದರೆ ಒಂದು ವಾಕ್ಯದಲ್ಲಿ ಕಥೆ ಮುಗಿಯುತ್ತಿತ್ತು. ಏನು ಕೇಳಬೇಕೆಂದು ತಿಳಿಯದೆ, ಮಣ್ಣಾದ ಮೇಲೆ ಮೊದಲ ಬಾರಿಗೆ ಮನೆಯಿಂದ ಹೊರಗೆ ಹೊರಟದ್ದು ಎಲ್ಲಿಗೆ ಎಂದು ಕೇಳಿದೆ. ‘ಮೆಟ್ಟುಗತ್ತಿ ಸಾಣೆ ಹಿಡಿಸೋಕೆ ಪೇಟೆಗೆ ಹೋದೆ’ ಎಂದರು. ಒಂಬತ್ತನೆಯ ದಿನ, ಸಣ್ಣ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಸ್ಸಿಗೆ ದುಡ್ಡು ಉಳಿಸಲೆಂದು ನಡೆದೇ ಹೋಗಿದ್ದರು. ಅಲ್ಲಿಂದ ಮುಂದೆ ಮಾತು ತಾನಾಗಿ ಹರಿಯಿತು. ಆದ್ದರಿಂದ ಕೈಗೆ ಸಿಗುವಂಥದನ್ನು ಕೇಳಿ: ಆ ದಿನ ಮನೆಯಲ್ಲಿ ಏನು ಬೇಯಿಸಿದ್ದಿರಿ, ಡಬ್ಬಿಯಲ್ಲಿ ಎಷ್ಟು ದುಡ್ಡಿತ್ತು, ಯಾವ ಬಸ್ಸು, ಯಾರ ಹತ್ತಿರ ಸಾಲ, ಮಗುವನ್ನು ಯಾರು ನೋಡಿಕೊಂಡರು. ಕೇಳುವಾಗ ಬರೆದುಕೊಳ್ಳಬೇಡಿ, ಪೆನ್ನು ಕಂಡೊಡನೆ ನಮ್ಮ ಹೆಂಗಸರು ಸರ್ಕಾರಿ ಕಚೇರಿಯ ಮುಂದೆ ನಿಂತವರಂತಾಗುತ್ತಾರೆ. ಮನೆಗೆ ಬಂದು ಅದೇ ರಾತ್ರಿ, ಅವರ ಮಾತಿನ ಕ್ರಮದಲ್ಲಿಯೇ ಬರೆದಿಡಿ.

ಬರೆಯಲು ಕುಳಿತಾಗ ಎದುರಾಗುವ ತೊಡಕು ಸಾಕ್ಷಿಯ ಕಟ್ಟಿನದು. ಸಾಕ್ಷಿಗೆ ಎರಡೇ ಕೊನೆಗಳು: ಹಿಂದೆ ಕತ್ತಲು, ಈಗ ಬೆಳಕು. ಕೂಟದ ಐದು ನಿಮಿಷಕ್ಕೆ ಅಷ್ಟು ಸಾಕು. ಕಥೆ ಇರುವುದು ಆ ಎರಡರ ನಡುವಿನ ಕಾಲದಲ್ಲಿ, ಪ್ರಾರ್ಥನೆಗೆ ಉತ್ತರ ಸಿಕ್ಕ ದಿನಕ್ಕಿಂತ ಸಿಗದೆ ಹೋದ ದಿನಗಳಲ್ಲಿ. ಒಂದೂವರೆ ಸಾವಿರ ಪದಗಳ ಕಥೆಯಾದರೆ ಸಾವಿರ ಪದಗಳನ್ನಾದರೂ ಆ ನಡುಗಾಲಕ್ಕೆ ಕೊಡಿ. ಹಾಗೆ ಕೊಟ್ಟಾಗ ಇನ್ನೊಂದು ಸಂಗತಿಯೂ ತಾನಾಗಿ ಸರಿಹೋಗುತ್ತದೆ. ಸಾಕ್ಷಿ ಹೇಳುವವರು ಎಲ್ಲ ಮಹಿಮೆಯನ್ನು ದೇವರಿಗೆ ಸಲ್ಲಿಸುವ ಭರದಲ್ಲಿ ಮಗುವನ್ನು ನೋಡಿಕೊಂಡ ಪಕ್ಕದ ಮನೆಯ ಗೌಡತಿಯನ್ನೋ, ಅಕ್ಕಿ ಸಾಲ ಕೊಟ್ಟ ಸಾಬರ ಅಂಗಡಿಯನ್ನೋ ಬಿಟ್ಟುಬಿಡುತ್ತಾರೆ. ಬರೆಯುವವಳು ಅವರನ್ನು ಮರಳಿ ಕರೆತರಬೇಕು. ಮಲೆನಾಡಿನಲ್ಲಿ ಕ್ರೈಸ್ತ ಮನೆಗಳು ತೋಟ, ಗದ್ದೆಗಳ ನಡುವೆ ಅಲ್ಲೊಂದು ಇಲ್ಲೊಂದು ಇರುವುದರಿಂದ, ನೆರೆಯವರಿಲ್ಲದ ಕ್ರೈಸ್ತ ಹೆಂಗಸಿನ ಕಥೆಯನ್ನು ಇಲ್ಲಿಯವರು ಯಾರೂ ನಂಬುವುದಿಲ್ಲ.

ಇದನ್ನೆಲ್ಲ ಕಲಿಯಲು ಸತ್ಯವೇದಕ್ಕಿಂತ, ಅಂದರೆ ಬೈಬಲಿಗಿಂತ, ಹತ್ತಿರದ ಪಾಠಶಾಲೆ ನಮಗಿಲ್ಲ. ಅದನ್ನು ಒಮ್ಮೆಯಾದರೂ ಭಕ್ತಿಯ ಜೊತೆಗೆ ಬರಹಗಾರ್ತಿಯ ಕಣ್ಣಿನಿಂದ ಓದಬೇಕು. ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ಗಂಡ ಸತ್ತು, ತೌರನ್ನು ಬಿಟ್ಟು, ಅತ್ತೆಯ ಹಿಂದೆ ಪರದೇಶಕ್ಕೆ ಬಂದ ಆ ಹೆಣ್ಣು ಎಷ್ಟು ಅತ್ತಳೆಂದು ಎರಡನೆಯ ಅಧ್ಯಾಯ ಹೇಳುವುದಿಲ್ಲ. ಅವಳು ಸಾಯಂಕಾಲದವರೆಗೆ ಹಕ್ಕಲಾಯ್ದಳು (ಕೊಯ್ದವರು ಬಿಟ್ಟ ತೆನೆ ಆಯ್ದಳು), ಬಡಿದಾಗ ಸುಮಾರು ಒಂದು ಏಫಾ ಜವೆಗೋದಿಯಾಯಿತು, ತಾನು ಉಂಡು ಉಳಿಸಿದ್ದನ್ನು ಅತ್ತೆಗೆ ತಂದುಕೊಟ್ಟಳು ಎಂದಷ್ಟೇ ಹೇಳುತ್ತದೆ. ಏಫಾ ಎಂದರೆ ನಮ್ಮ ಲೆಕ್ಕದಲ್ಲಿ 20 ಲೀಟರಿಗೂ ಮಿಗಿಲಾದ ಅಳತೆ. ಆ ಹೊರೆಯನ್ನು ಹೊತ್ತು ಬಂದವಳ ಬೆನ್ನು ಹೇಗಿತ್ತೆಂಬುದನ್ನು ಗದ್ದೆ ಕೆಲಸ ಬಲ್ಲ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಅನೇಕ ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಕೈಯಲ್ಲಿದ್ದದ್ದನ್ನೆಲ್ಲ ವೆಚ್ಚ ಮಾಡಿ, ಗುಣ ಕಾಣದೆ ಇನ್ನಷ್ಟು ಕೆಟ್ಟಳೆಂಬ ಲೆಕ್ಕವಿದೆ. ಅದು ಇರುವುದರಿಂದಲೇ ಅವಳು ಯೇಸುವಿನ ಉಡುಪನ್ನು ಮುಟ್ಟುವ ಗಳಿಗೆಗೆ ತೂಕ ಬಂದಿದೆ. ಎಸ್ತೇರಳ ಪುಸ್ತಕದ ಹೀಬ್ರೂ ಮೂಲದಲ್ಲಂತೂ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಪ್ರತಿ ಪ್ಯಾರಾದಲ್ಲಿ ಸ್ತೋತ್ರ ಇರದಿದ್ದರೆ ಕಥೆ ಕ್ರೈಸ್ತ ಕಥೆಯಾಗದು ಎಂದು ನನಗೆ ಬುದ್ಧಿ ಹೇಳಿದ ಹಿರಿಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಭಾಷೆಯ ವಿಷಯದಲ್ಲಿ ನಮ್ಮವರಿಗೆ ಒಂದು ಹಳೆಯ ಆಸ್ತಿಯೂ ಇದೆ, ಅದರ ಜೊತೆಗೆ ಒಂದು ಹೊರೆಯೂ ಇದೆ. ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು ಬಳ್ಳಾರಿಯಲ್ಲಿ, 1831ರಲ್ಲಿ. ಅಂದಿನಿಂದ ಬೆಳೆದ ಸಭೆಯ ಕನ್ನಡ ಗಂಭೀರವಾದದ್ದು, ಪ್ರಾರ್ಥನೆಗೆ ಒಪ್ಪುವಂಥದು. ಆದರೆ ‘ನಾನು ಆಶೀರ್ವದಿಸಲ್ಪಟ್ಟೆನು, ಬಲಪಡಿಸಲ್ಪಟ್ಟೆನು’ ಎಂದು ಅಡುಗೆಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬರೆದದ್ದರಲ್ಲಿ ‘ಅಲ್ಪಟ್ಟ’ ಎಂಬುದು ಕಂಡಲ್ಲೆಲ್ಲ ಗೀಟು ಹಾಕಿ, ಮಾಡಿದವರು ಯಾರೆಂದು ಕೇಳಿಕೊಂಡು ವಾಕ್ಯವನ್ನು ತಿರುಗಿಸಿ. ‘ಕೃಪೆ’, ‘ಬಿಡುಗಡೆ’, ‘ಅಭಿಷೇಕ’ ಎಂಬ ಪದಗಳನ್ನು ಸಭೆಯ ಹೊರಗಿನ ಓದುಗಾರ್ತಿ ಬೇರೆ ಅರ್ಥದಲ್ಲಿ ಓದುತ್ತಾಳೆ. ಅಭಿಷೇಕವೆಂದೊಡನೆ ಅವಳ ಕಣ್ಣ ಮುಂದೆ ಬರುವುದು ದೇವಸ್ಥಾನದ ಗರ್ಭಗುಡಿ. ಆ ಪದಗಳನ್ನು ಪಾತ್ರದ ಬಾಯಲ್ಲಿಡಬಹುದು, ನಿರೂಪಣೆಯಲ್ಲಿ ಬೇಡ. ಪಾತ್ರ ಯಾವ ಸಭೆಯದೆಂಬುದನ್ನೂ ಗಮನಿಸಬೇಕು. ಕಥೋಲಿಕ ಮನೆಯಲ್ಲಿ ‘ಶುಭಸಂದೇಶ’, ‘ಗುರುಗಳು’, ‘ಬಲಿಪೂಜೆ’. ಪ್ರೊಟೆಸ್ಟೆಂಟ್ ಮನೆಯಲ್ಲಿ ‘ಸುವಾರ್ತೆ’, ‘ಸಭಾಪಾಲಕರು’, ‘ಆರಾಧನೆ’. ಇವನ್ನು ಕಲಸಿದರೆ ಎರಡೂ ಕಡೆಯವರು ಮೊದಲ ಪುಟದಲ್ಲೇ ಪುಸ್ತಕ ಮಡಚುತ್ತಾರೆ. ಅದರ ಮೇಲೆ ಮನೆಮಾತಿನ ಬಣ್ಣ: ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ, ಭದ್ರಾವತಿಯ ಕಾರ್ಖಾನೆಗೆ ಬಂದವರ ತಮಿಳು, ರಬ್ಬರು ನೆಟ್ಟವರ ಮಲಯಾಳ. ಒಂದೆರಡು ಸಂಬೋಧನೆಗಳಲ್ಲಿ ಅದು ಕೇಳಿಸಿದರೆ ಸಾಕು. ರಮಾಬಾಯಿ ತಮ್ಮ ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದದ್ದು ಸಾಮಾನ್ಯ ಹೆಂಗಸರಿಗೆ ತಿಳಿಯುವ ಸರಳ ಮಾತಿನಲ್ಲಿ. ಸಂಸ್ಕೃತದ ಪಾಂಡಿತ್ಯಕ್ಕೆ ಕಲ್ಕತ್ತೆಯಲ್ಲಿ ‘ಸರಸ್ವತಿ’ ಎಂಬ ಬಿರುದು ಪಡೆದವರು ಬೇಕೆಂದೇ ಆರಿಸಿಕೊಂಡ ಸರಳತೆ ಅದು.

ಒಂದು ಎಚ್ಚರಿಕೆಯನ್ನು ಕಟುವಾಗಿಯೇ ಹೇಳುತ್ತೇನೆ. ಹೆಂಗಸರಿಗೆ ಸ್ಫೂರ್ತಿ ಕೊಡುವ ಕಥೆಗಳೆಂಬ ಹೆಸರಿನಲ್ಲಿ, ಕುಡಿದು ಹೊಡೆಯುವ ಗಂಡನನ್ನು ಇಪ್ಪತ್ತು ವರ್ಷ ಸಹಿಸಿಕೊಂಡು ಪ್ರಾರ್ಥಿಸಿದಳು, ಕೊನೆಗೆ ಅವನು ಬದಲಾದ ಎಂಬ ಕಥೆಯನ್ನು ನಾವು ಸಾಕಷ್ಟು ಬರೆದಿದ್ದೇವೆ. ನಾನೂ ಒಂದು ಬರೆದಿದ್ದೆ. ಅದನ್ನು ಓದಿದ ಹುಡುಗಿಯೊಬ್ಬಳು, ‘ಹಾಗಾದರೆ ನಾನೂ ಇನ್ನು ಸ್ವಲ್ಪ ಕಾಯಬೇಕಲ್ಲವೇ ಆಂಟಿ?’ ಎಂದು ಕೇಳಿದಾಗ ನನ್ನ ತೋಳಿನ ರೋಮ ನಿಂತಿತು. ಆ ಕಥೆಯನ್ನು ಮತ್ತೆಲ್ಲಿಯೂ ಕೊಡಲಿಲ್ಲ. ಪೆಟ್ಟನ್ನು ಶಿಲುಬೆಯೆಂದು ಕರೆಯಬೇಡಿ. ಅಂಥ ಬದುಕನ್ನು ಬರೆಯುವಾಗ ಅವಳು ಯಾರಿಗೆ ಹೇಳಿದಳು, ಯಾರು ಬಾಗಿಲು ತೆರೆದರು, ಹೊರಗೆ ಬಂದದ್ದು ಹೇಗೆ ಎಂಬುದನ್ನು ಬರೆಯಿರಿ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ ಕಾನೂನು 2005ರಿಂದ ಇದೆ, 181 ಎಂಬ ಮಹಿಳಾ ಸಹಾಯವಾಣಿ ಇದೆ. ಕಥೆಯ ಒಳಗೆ ಹೊಂದದಿದ್ದರೆ ಕೊನೆಯಲ್ಲಿ ಒಂದು ಸಾಲಿನಲ್ಲಾದರೂ ಹಾಕಿ. ರಮಾಬಾಯಿ 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡವರು. ಆ ಹಸಿವನ್ನು ಅವರು ಬರೆದರು, ಆದರೆ ಹಸಿವು ಒಳ್ಳೆಯದೆಂದು ಎಲ್ಲಿಯೂ ಬರೆಯಲಿಲ್ಲ.

ಹೆಸರು ಮರೆಸುವುದು ಸಣ್ಣ ಊರಿನಲ್ಲಿ ಸುಲಭವಲ್ಲ. ‘ಹೆಸರು ಬದಲಿಸಲಾಗಿದೆ’ ಎಂದು ಅಡಿಯಲ್ಲಿ ಹಾಕಿದ ಮಾತ್ರಕ್ಕೆ, ಮೂರು ಮಕ್ಕಳ, ಹೊಲಿಗೆ ಯಂತ್ರದ, ಗಾಡಿಕೊಪ್ಪದ ವಿಧವೆ ಯಾರೆಂದು ಪ್ರಾರ್ಥನಾ ಕೂಟದಲ್ಲಿ ಯಾರಿಗೂ ತಿಳಿಯದೆ ಹೋಗುವುದಿಲ್ಲ. ಊರು, ಮಕ್ಕಳ ಸಂಖ್ಯೆ, ಕಸುಬು ಇವುಗಳಲ್ಲಿ ಎರಡನ್ನಾದರೂ ಬದಲಿಸಿ. ಆದರೆ ಕಥೆಯನ್ನು ಬಯಲುಸೀಮೆಗೆ ಒಯ್ಯಬೇಡಿ, ಮಳೆ ತಪ್ಪಿಹೋಗುತ್ತದೆ. ತೀರ್ಥಹಳ್ಳಿಯನ್ನು ಸಾಗರ ಮಾಡಿದರೆ ಸಾಕು. ಇನ್ನೂ ಭಯವಿದ್ದರೆ ನಿಜಕಥನದ ಹಟ ಬಿಟ್ಟು ಕಲ್ಪನೆಯ ಕಥೆಯಾಗಿಸಿ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯ ಹಿಂದೆಯೂ ಅವರು ಬಾಲ್ಯದಲ್ಲಿ ಕಂಡ ನಿಜವಾದ ಬಾಲವಿಧವೆಯೊಬ್ಬರಿದ್ದರು.

ಅಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈಪು ಮಾಡುವುದಾದರೆ ಯೂನಿಕೋಡ್‌ನಲ್ಲಿಯೇ ಮಾಡಿ, ಹಳೆಯ ಫಾಂಟುಗಳಲ್ಲಿ ಮಾಡಿದರೆ ಕಳಿಸಿದ ಕಡೆಯಲ್ಲಿ ಅಕ್ಷರ ಒಡೆಯುತ್ತದೆ. ಮೊದಲು ಸಭೆಯ ಮಾಸಪತ್ರಿಕೆಗೂ ಊರಿನ ದಿನಪತ್ರಿಕೆಯ ಪುರವಣಿಗೂ ಒಂದೊಂದೇ ಕಥೆ ಕಳಿಸಿ. ಆಕಾಶವಾಣಿ ಭದ್ರಾವತಿಗೆ ಕಳಿಸುವುದಾದರೆ ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ. ಹತ್ತು ಹನ್ನೆರಡು ಕಥೆಗಳಾದ ಮೇಲೆ ಪುಸ್ತಕದ ಯೋಚನೆ ಸಾಕು. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ, ಅದಕ್ಕೆ ಹಣ ಕೇಳುವವರಿಂದ ದೂರವಿರಿ. ಸತ್ಯವೇದದ ಹೊಸ ಅನುವಾದಗಳಿಗೆ ಹಕ್ಕುಸ್ವಾಮ್ಯವಿರುವುದರಿಂದ ಉದ್ದುದ್ದ ಭಾಗಗಳನ್ನು ಎತ್ತಿಕೊಳ್ಳುವ ಮುನ್ನ ಪ್ರಕಾಶಕರ ಅನುಮತಿ ಪಡೆಯಿರಿ.

ಕಳಿಸುವ ಮುನ್ನ ಒಂದು ಕೆಲಸ ಮಾತ್ರ ತಪ್ಪಬಾರದು. ಕಥೆಯನ್ನು ಅದರ ಒಡತಿಯ ಎದುರು ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು, ತೆಗೆಯೆಂದದ್ದನ್ನು ತೆಗೆಯಬೇಕು. ಮೆಟ್ಟುಗತ್ತಿಯ ಕಥೆಯನ್ನು ಹಾಗೆ ಓದಿದಾಗ ಆಕೆ ಗಂಡನ ಸಾವಿನ ಭಾಗಕ್ಕೆ ಏನೂ ಹೇಳಲಿಲ್ಲ, ಸಾಲದ ಭಾಗಕ್ಕೂ ಹೇಳಲಿಲ್ಲ. ಸಾಣೆ ಹಿಡಿಸಿದ ಕತ್ತಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳೆಂದು ನಾನು ಬರೆದಿದ್ದ ಕಡೆ ಕೈ ಅಡ್ಡ ಹಿಡಿದರು. ‘ಚೀಲ ಎಲ್ಲಿತ್ತು? ಸೆರಗಲ್ಲಿ ಸುತ್ತಿಕೊಂಡು ಬಂದೆ. ಸೆರಗು ಕುಯ್ದು ಹೋಗಿತ್ತು, ಮನೆಗೆ ಬಂದಮೇಲೇ ನೋಡಿದ್ದು.’ ಅದನ್ನು ಹಾಗೆಯೇ ಬರೆದುಕೊಂಡೆ.