ಆಕಾಶವನ್ನು ರಾತ್ರಿಗೆ ಇಟ್ಟುಕೊಳ್ಳಿ

ಸಾವಿರ ತುಂಡಿನ ಜಿಗ್‌ಸಾ ಪಜಲ್ ಡಬ್ಬಿ ಬಿಚ್ಚಿದ ಕೂಡಲೇ ಹೆಚ್ಚಿನವರು ಅಂಚಿನ ತುಂಡು ಹುಡುಕಲು ಶುರು ಮಾಡುತ್ತಾರೆ. ನಾನು ಮೊದಲು ಜರಡಿ ಹಿಡಿಯುತ್ತೇನೆ. ಹೊಸ ಡಬ್ಬಿಯ ತಳದಲ್ಲಿ ರಟ್ಟಿನ ಪುಡಿ ಇರುತ್ತದೆ, ಅದು ಹೋಗದಿದ್ದರೆ ಸಂದಿಯಲ್ಲಿ ಕೂತು ತುಂಡು ಸರಿಯಾಗಿ ಸೇರುವುದಿಲ್ಲ. ಆಮೇಲೆ ಎಲ್ಲವನ್ನೂ ಹರಡಿ, ಒಂದೊಂದನ್ನೇ ಚಿತ್ರದ ಮುಖ ಮೇಲೆ ಬರುವ ಹಾಗೆ ತಿರುಗಿಸುತ್ತೇನೆ. ನೋಡುವವರಿಗೆ ಇದು ಬೇಜಾರಿನ ಕೆಲಸ. ನನಗೆ ಇದೇ ಜಾಸ್ತಿ ಇಷ್ಟ. ದಿನವಿಡೀ ಆಫೀಸಿನಲ್ಲಿ ಲೆಕ್ಕ ತಾಳೆ ನೋಡಿ ಬಂದವಳಿಗೆ, ತಪ್ಪಿದರೂ ಯಾರೂ ಕೇಳದ ಕೆಲಸ ಬೇಕಿತ್ತು. ಕೈ ಓಡಾಡುತ್ತಿರುತ್ತದೆ, ತಲೆ ಸುಮ್ನಿರುತ್ತದೆ.

ವಿಂಗಡಿಸಿದ ತುಂಡುಗಳನ್ನು ಇಡಲು ಸೀರೆ ಡಬ್ಬಿಯ ಮುಚ್ಚಳಗಳಿಗಿಂತ ಒಳ್ಳೆಯದು ಏನೂ ಇಲ್ಲ. ಅಗಲ ಇವೆ, ಸಣ್ಣ ಅಂಚೂ ಇದೆ, ಒಂದರ ಮೇಲೊಂದು ಪೇರಿಸಬಹುದು. ಹಾಸಲು ಬಡಗಿಯ ಹತ್ತಿರ ಮೂರಡಿಗೆ ಎರಡಡಿ ಪ್ಲೈವುಡ್ ಕೊಯ್ಯಿಸಿ, ಸುತ್ತ ಬೀಡಿಂಗ್ ಹೊಡೆಸಿಕೊಂಡೆ. ಸಾವಿರ ತುಂಡಿನ ಚಿತ್ರ ಸಾಮಾನ್ಯವಾಗಿ 70 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ ಇರುತ್ತದೆ, ಆರಾಮಾಗಿ ಕೂರುತ್ತದೆ. ನೆಂಟರು ಬಂದರೆ ಹಲಗೆ ಸಮೇತ ಮಂಚದ ಕೆಳಗೆ ತಳ್ಳುವುದು, ಅಷ್ಟೇ. ಊಟದ ಮೇಜಿನ ಮೇಲೆ ಮಾತ್ರ ಶುರು ಮಾಡಬೇಡಿ. ಮನೆಯವರೆಲ್ಲ ನೆಲದ ಮೇಲೆ ಊಟ ಮಾಡಬೇಕಾಗುತ್ತದೆ.

ಡಬ್ಬಿಯ ಮೇಲೆ 1000 ಅಂತ ಇದ್ದರೂ ಒಳಗೆ ಎಷ್ಟೋ ಸಲ 1026 ಇರುತ್ತದೆ. ಉದ್ದಕ್ಕೆ 38, ಅಗಲಕ್ಕೆ 27 ಸಾಲು ಕತ್ತರಿಸಿದರೆ ಅಷ್ಟಾಗುತ್ತದೆ. ಅದರಲ್ಲಿ ಅಂಚಿನವು 126, ಉಳಿದ 900 ಒಳಗಿನವು. ಅಂಚು ಮುಗಿಸಿ "ಅರ್ಧ ಆಯ್ತು" ಅಂದುಕೊಳ್ಳುವವರಿಗೆ ಈ ಲೆಕ್ಕ ಹೇಳುವುದೆಂದರೆ ನನಗೆ ಒಂಥರಾ ಖುಷಿ.

ಮನಸ್ಸು ಹಗುರ ಆಗುತ್ತದೋ ತಲೆ ಬಿಸಿ ಆಗುತ್ತದೋ ಅನ್ನುವುದು ಅಂಗಡಿಯಲ್ಲೇ ತೀರ್ಮಾನ ಆಗಿರುತ್ತದೆ. ಚಿತ್ರ ಆರಿಸುವುದೇ ಮುಖ್ಯ. ಜರ್ಮನಿಯ ಬವೇರಿಯಾದಲ್ಲಿ ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿದ ನಾಯ್‌ಶ್ವಾನ್‌ಸ್ಟೈನ್ ಕೋಟೆಯ ಪಜಲ್ ಎಲ್ಲ ಕಡೆ ಸಿಗುತ್ತದೆ. ನೋಡಲು ಎಷ್ಟು ಚಂದ! ಆದರೆ ಕೆಳಗೆ ಬರೀ ಕಾಡು, ಮೇಲೆ ಬರೀ ಆಕಾಶ. ಕೋಟೆ ಬೇಗ ಮುಗಿದುಹೋಗುತ್ತದೆ, ಆಮೇಲೆ ಹಸಿರು ಮತ್ತು ನೀಲಿಯ ಜೊತೆ ಜಗಳ. ಹೊಸಬರಿಗೆ ಅಂಗಡಿ ಬೀದಿ, ಪುಸ್ತಕದ ಕಪಾಟು, ಬೋರ್ಡು ಬರಹ ಇರುವ ಚಿತ್ರ ಒಳ್ಳೆಯದು. ಒಂದೇ ಬಣ್ಣ ಅಂದರೆ ಕಷ್ಟ ಅಂತಲೂ ಅಲ್ಲ. ಸೋಮನಾಥಪುರದ ಕೇಶವ ದೇವಸ್ಥಾನದ ಗೋಡೆಯ ಫೋಟೋ ಕೊಟ್ಟು ಒಂದು ಪಜಲ್ ಮಾಡಿಸಿಕೊಂಡೆ. ಪೂರ್ತಿ ಕಲ್ಲಿನ ಬಣ್ಣ. ಆದರೂ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು, ಅದರ ಮೇಲೆ ಬಳ್ಳಿ. ಸೊಂಡಿಲು ಕಂಡರೆ ತುಂಡು ಯಾವ ಸಾಲಿನದು ಅಂತ ತಕ್ಷಣ ಗೊತ್ತಾಗುತ್ತದೆ. ಆ ಶಿಲ್ಪಿಗಳು ನನಗೋಸ್ಕರವೇ ವಿಂಗಡಿಸಿಟ್ಟ ಹಾಗಿತ್ತು.

ಹಗಲು ಬಣ್ಣದ ಕೆಲಸ, ರಾತ್ರಿ ಆಕಾರದ ಕೆಲಸ. ಇದು ನಾನೇ ಮಾಡಿಕೊಂಡ ನಿಯಮ. ನಮ್ಮ ಸಾಗರದ ಕಡೆ ಜುಲೈ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಚಾರ್ಜಿಂಗ್ ಲೈಟಿನಲ್ಲಿ ತಿಳಿ ನೀಲಿಯೂ ಬೂದಿಯೂ ಒಂದೇ ಥರ ಕಾಣುತ್ತವೆ. ಆಗ ಬಣ್ಣ ನಂಬಿ ಕೂತರೆ ಕಣ್ಣು ನೋವು ಮಾತ್ರ ಗ್ಯಾರಂಟಿ. ಆಕಾಶದ ತುಂಡುಗಳನ್ನು ಅದಕ್ಕೇ ರಾತ್ರಿಗೆ ಉಳಿಸಿಕೊಳ್ಳುತ್ತೇನೆ. ನಾಲ್ಕು ಬದಿಯ ಸಾಮಾನ್ಯ ತುಂಡಿನಲ್ಲಿ ಚಾಚಿದ ತಲೆ ಎಷ್ಟು, ಗುಳಿ ಎಷ್ಟು, ಅವು ಎದುರುಬದುರು ಇವೆಯೋ ಪಕ್ಕಪಕ್ಕ ಇವೆಯೋ ಅಂತ ನೋಡಿದರೆ ಆರೇ ಜಾತಿ. ಆರು ಮುಚ್ಚಳದಲ್ಲಿ ಬೇರೆ ಮಾಡಿ. ಖಾಲಿ ಜಾಗಕ್ಕೆ ಯಾವ ಜಾತಿ ಬೇಕು ಅಂತ ನೋಡಿ, ಆ ಮುಚ್ಚಳದ ತುಂಡುಗಳನ್ನು ಸಾಲಾಗಿ ಒಂದೊಂದೇ ಇಟ್ಟು ನೋಡುವುದು. ಬುದ್ಧಿ ಬೇಕಿಲ್ಲ, ತಾಳ್ಮೆ ಸಾಕು. ನಮ್ಮತ್ತೆ ಜಪಮಣಿ ಹಿಡಿದುಕೊಂಡು ಬಂದು ಇಣುಕುತ್ತಾರೆ. "ಏನಮ್ಮಾ, ಇನ್ನೂ ಆಕಾಶ ಮುಗಿಲಿಲ್ವಾ?" "ಇಲ್ಲ ಅತ್ತೆ, ನಿಮ್ಮ ಜಪ ಮುಗೀತಾ?" ಅಂದರೆ ನಗುತ್ತಾರೆ.

ಅಗ್ಗದ ಪಜಲ್‌ಗಳಲ್ಲಿ ತಪ್ಪು ತುಂಡೂ ಸರಿಯಾಗಿ ಕೂತ ಹಾಗೆ ಕಾಣುತ್ತದೆ. ಅನುಮಾನ ಬಂದರೆ ಸೇರಿಸಿದ ನಾಲ್ಕೈದನ್ನು ಒಟ್ಟಿಗೆ ಎತ್ತಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ತೂರಿ ಬಂದರೆ ಅದು ಅಲ್ಲಿಯದಲ್ಲ.

ಮಳೆಗಾಲದಲ್ಲಿ ರಟ್ಟು ನೀರು ಕುಡಿಯುತ್ತದೆ. ತುಂಡು ಉಬ್ಬಿ ಬಿಗಿಯಾಗುತ್ತದೆ, ಎಳೆದರೆ ಮೇಲಿನ ಚಿತ್ರ ಪದರ ಬಿಟ್ಟು ಬರುತ್ತದೆ. ಬಿಸಿಲಿಗಿಟ್ಟರೆ ಬಾಗುತ್ತದೆ. ಅದಕ್ಕೇ ಜಿಪ್ ಕವರಿನಲ್ಲಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಪದರ ಎದ್ದರೆ ಹಲ್ಲುಕಡ್ಡಿಯ ತುದಿಯಲ್ಲಿ ಒಂಚೂರು ಫೆವಿಕಾಲ್.

ಮುಗಿದದ್ದಕ್ಕೆ ಅಂಟು ಹಚ್ಚಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಈ ಆಟ ಮೊದಲಿನಿಂದಲೂ ಮತ್ತೆ ಮತ್ತೆ ಬಿಚ್ಚಿ ಸೇರಿಸುವುದಕ್ಕೇ ಇರುವುದು. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ನಕಾಶೆಗಳನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲು ಮಾರುತ್ತಿದ್ದ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡು ಜನ ಮನೆಯಲ್ಲಿ ಕೂತಿದ್ದಾಗ ಪಜಲ್‌ಗಳನ್ನು ಬಾಡಿಗೆಗೂ ಕೊಡುತ್ತಿದ್ದರು. ನಾವೂ ಓಣಿಯ ಕೆಲವು ಮನೆಯವರು ಡಬ್ಬಿಗಳನ್ನು ಬದಲಾಯಿಸಿಕೊಳ್ಳುತ್ತೇವೆ, ಬಾಡಿಗೆ ಇಲ್ಲ. ಒಂದೇ ಒಂದು ಕರಾರು: ತುಂಡು ಕಳೆದಿದ್ದರೆ ಎಲ್ಲಿಯದು ಅಂತ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಬರೆದು ಕೊಡಬೇಕು. ಇಲ್ಲದಿದ್ದರೆ ತೆಗೆದುಕೊಂಡು ಹೋದವರು ಪಾಪ, ಸೋಫಾ ಮಗುಚಿ ಹುಡುಕುತ್ತಾರೆ.