ರೇಡಿಯೇಟರ್ ಹಿಂದೆ ಒಂದು ಬಲ್ಬ್ ಹಿಡಿದು ನೋಡಿ

ನನ್ನ ಹತ್ತಿರ ಎರಡು ಲಾರಿ ಇವೆ, ಎರಡೂ ಹತ್ತು ಗಾಲಿಯವು, ಎರಡೂ ಹಳೇವು. ಒಂದನ್ನು ನಾನೇ ಓಡಿಸುತ್ತೇನೆ. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ ಒಂದು ಲೈನು, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾ ಇನ್ನೊಂದು ಲೈನು. ಚಳಿಗಾಲದಲ್ಲಿ ಜಿನ್ನಿಂಗ್ ಮಿಲ್‌ಗಳಿಂದ ಹತ್ತಿ ಬೇಲು ಜಾಸ್ತಿ. ಬೇಸಿಗೆಯಲ್ಲಿ ಸಿಮೆಂಟು, ಕಬ್ಬಿಣ, ಏನು ಸಿಕ್ಕರೆ ಅದು.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹೊಸಪೇಟೆ ಕಡೆಯಿಂದ ಕಬ್ಬಿಣದ ಸರಳು ತುಂಬಿಕೊಂಡು ಬರುತ್ತಿದ್ದೆ. ಅಣ್ಣಿಗೇರಿ ಹತ್ತಿರ ಬಂದಾಗ ಮಧ್ಯಾಹ್ನ ಎರಡೂವರೆ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ಕೂತುಬಿಟ್ಟಿತು. ಎರಡೂ ಕಡೆ ಬರೀ ಎರೆಹೊಲ, ನೆರಳು ಅಂದ್ರೆ ಒಂದೇ ಒಂದು ಜಾಲಿಗಿಡ. ಕ್ಲೀನರ್ ಹುಡುಗ ಹಸಿ ಬಟ್ಟೆ ಹಿಡಿದು ಎಂಜಿನ್ ನೀರು ತಣ್ಣಗಾಗಿಸುವ ರೇಡಿಯೇಟರಿನ ಕ್ಯಾಪ್ ತಿರುವಲು ಹೊರಟಿದ್ದ, ಬೈದು ಹಿಂದಕ್ಕೆ ಎಳೆದೆ. ಕ್ಯಾಪ್ ಬಿಗಿ ಇದ್ದಾಗ ಒಳಗೆ ಒತ್ತಡ ಇರುತ್ತದೆ, ಹಾಗಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕೂಡಲೇ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಬರುತ್ತದೆ. ನಮ್ಮ ಮಾಮಾನ ಮೊಳಕೈ ಮೇಲೆ ಅದರ ಗುರುತು ಇವತ್ತಿಗೂ ಇದೆ.

ನೀರು ಚೆಲ್ಲಿರಲಿಲ್ಲ, ಅದಕ್ಕೆ ಎಂಜಿನ್ ಬಂದ್ ಮಾಡದೆ ಸ್ವಲ್ಪ ಹೊತ್ತು ನ್ಯೂಟ್ರಲ್‌ನಲ್ಲಿ ಬಿಟ್ಟೆ. ಪಂಪ್, ಫ್ಯಾನ್ ತಿರುಗುತ್ತಿದ್ದರೆ ಶಾಖ ಬೇಗ ಇಳಿಯುತ್ತದೆ. ಇದೇ ನೀರು ಪೂರ್ತಿ ಸೋರಿ ಹೋಗಿದ್ದರೆ ಮಾತ್ರ ಕೂಡಲೇ ಬಂದ್ ಮಾಡಬೇಕು, ಮತ್ತೆ ಕಾದ ಎಂಜಿನ್‌ಗೆ ತಣ್ಣೀರು ಸುರಿಯಬಾರದು, ಎಂಜಿನ್ ಮೇಲ್ಭಾಗದ ಹೆಡ್ ಸೀಳುತ್ತದೆ.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ ನಿಜವಾದ ಖರ್ಚು. ಒಂದು ಗ್ಯಾರೇಜಿನವರು "ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡ್ರಿ, ನಮ್ಮ ಬಿಸಿಲಿಗೆ ಅದು ಬೇಕಾಗೇ ಇಲ್ರಿ" ಅಂದರು. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ತೆಗೆಸಿದೆ. ಸುತ್ತಲಿನ ಅರ್ಧ ಲಾರಿಗಳಲ್ಲಿ ಅದು ಇಲ್ಲ, ನಾನೂ ನಂಬಿದೆ. ಆಮೇಲೆ ಫ್ಯಾನ್ ಬೆಲ್ಟ್ ಬದಲಿಸಿದರು, ಅದೂ ಸಾಲದೆ ವಾಟರ್ ಪಂಪ್ ಹೊಸದು ಹಾಕಿದರು. ಬಿಲ್ ಕೊಟ್ಟು ಅಂಕೋಲಾಕ್ಕೆ ಹೋದೆ. ವಾಪಸ್ ಬರುವಾಗ ಲೋಡ್ ಹಾಕಿಕೊಂಡು ಅರಬೈಲ್ ಘಾಟ್ ಹತ್ತುತ್ತಿದ್ದೇನೆ, ಸೆಕೆಂಡ್ ಗೇರು, ಅರ್ಧ ಘಾಟಿನಲ್ಲಿ ಮತ್ತೆ ಕುದಿಯಿತು. ಆಗ ರಾತ್ರಿ ಹನ್ನೊಂದು ಗಂಟೆ. ಸುತ್ತ ಕಾಡು, ತಣ್ಣಗಿನ ಗಾಳಿ. ಅಷ್ಟು ದಿನ ಬಿಸಿಲಿನ ಮೇಲೆ ಹಾಕುತ್ತಿದ್ದೆವಲ್ಲ, ರಾತ್ರಿ ಹನ್ನೊಂದಕ್ಕೆ ಯಾವ ಬಿಸಿಲು?

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಚಾಚಾ ಇದ್ದಾರೆ, ಮೊದಲಿಂದ ರೇಡಿಯೇಟರ್ ಕೆಲಸವೇ ಅವರದು. ಮುಳ್ಳು ಎಲ್ಲಿಗೆ ಹೋಯಿತು, ಎಷ್ಟು ನೀರು ಕುಡಿಯಿತು ಅಂತ ಏನೂ ಕೇಳಲಿಲ್ಲ. "ಚಳಿಗಾಲದಾಗ ಏನ್ ಲೋಡ್ ಹೊಡಿದಿ?" ಅಂದರು. ಹತ್ತಿ ಅಂದೆ. ಬ್ಯಾಟರಿಗೆ ವೈರ್ ಹಚ್ಚಿ ಒಂದು ಬಲ್ಬನ್ನು ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಇಳಿಬಿಟ್ಟರು, ನನ್ನನ್ನು ಮುಂದೆ ಕೂರಿಸಿ ಜಾಳಿಗೆಯಲ್ಲಿ ನೋಡು ಅಂದರು. ಅಂಚಿನಲ್ಲಿ ಮಾತ್ರ ನಾಲ್ಕು ಬೆಳಕಿನ ಗೆರೆ. ನಡುವೆ ಕತ್ತಲು.

"ತಮ್ಮಾ, ಇದು ರೇಡಿಯೇಟರ್ ಅಲ್ಲೋ, ಗಾದಿ."

ಬಿಚ್ಚಿಸಿದೆವು. ನಮ್ಮ ಗಾಡಿಯಲ್ಲಿ ಮುಂದೆ ಎಂಜಿನ್ ಒಳಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್, ಅದರ ಬೆನ್ನಿಗೆ ರೇಡಿಯೇಟರ್, ನಡುವೆ ಎರಡು ಬೆರಳು ಜಾಗ. ಮಿಲ್ಲಿನ ಅಂಗಳದಲ್ಲಿ ಹಾರುವ ಹತ್ತಿ ಎಳೆ ಇಂಟರ್‌ಕೂಲರ್ ಸಂದಿಯಿಂದ ನುಸುಳಿ ರೇಡಿಯೇಟರ್ ಮೇಲೆ ಕೂತಿದೆ. ಇಂಟರ್‌ಕೂಲರ್ ಪೈಪಿನ ಜಾಯಿಂಟಿನಲ್ಲಿ ಸ್ವಲ್ಪ ಆಯಿಲ್ ಜಿನುಗುತ್ತಿತ್ತು, ಅದು ಅಂಟಿನ ಹಾಗೆ ಆಗಿದೆ, ಮೇಲೆ ಎರೆಮಣ್ಣಿನ ಧೂಳು. ಚಾಚಾ ಒಂದು ಮೂಲೆ ಹಿಡಿದು ಎಳೆದರೆ ಕರಿ ಕಂಬಳಿ ತುಂಡಿನ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಹೊರಗಿನಿಂದ ನೋಡಿದರೆ ಫಳಫಳ ಅಂತಿತ್ತು, ಯಾಕಂದ್ರೆ ನಾನು ವಾರಕ್ಕೊಮ್ಮೆ ಮುಂದಿನಿಂದ ಪ್ರೆಶರ್ ನೀರು ಹೊಡೆಸುತ್ತಿದ್ದೆ. ಆ ನೀರೇ ಎಳೆಗಳನ್ನು ಒಳಗೆ ತಳ್ಳಿ ತಳ್ಳಿ ಕೂರಿಸಿತ್ತು. ನನ್ನ ಕೈಯಾರೆ ಮಾಡಿಕೊಂಡದ್ದು!

ತೊಳೆಯಬೇಕಾದ್ದು ಎಂಜಿನ್ ಕಡೆಯಿಂದ ಹೊರಗೆ, ಗಾಳಿ ಬರುವ ದಿಕ್ಕಿಗೆ ಉಲ್ಟಾ. ಸೋಪಿನ ನೀರು ಚಿಮುಕಿಸಿ ಅರ್ಧ ಗಂಟೆ ನೆನೆಯಲು ಬಿಟ್ಟು, ಸಣ್ಣ ಪ್ರೆಶರ್‌ನಲ್ಲಿ, ನೇರವಾಗಿ. ಹತ್ತಿರ ಹಿಡಿದು ಓರೆಯಾಗಿ ಹೊಡೆದರೆ ಜಾಳಿಗೆಯ ತೆಳು ಪಟ್ಟಿ, ಅಂದ್ರೆ ಫಿನ್, ಮಡಚಿಕೊಂಡು ದಾರಿ ಮುಚ್ಚುತ್ತದೆ.

ವಾಲ್ವನ್ನು ಚಾಚಾ ವಾಪಸ್ ಹಾಕಿಸಿದರು. ನಮ್ಮ ಎಂಜಿನ್‌ನಲ್ಲಿ ಆ ವಾಲ್ವ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದಂತೆ. ಅದನ್ನೇ ಕಿತ್ತರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ, ಒಂದಷ್ಟು ಬಿಸಿನೀರು ರೇಡಿಯೇಟರ್ ಕಡೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಅಂದರೆ ತಣ್ಣಗಾಗಲಿ ಅಂತ ತೆಗೆಸಿ ಇನ್ನಷ್ಟು ಬಿಸಿ ಮಾಡಿಕೊಂಡಿದ್ದೆ. ದಾರಿಯಲ್ಲಿ ಸಿಕ್ಕ ಬೋರಿನ ನೀರು ತುಂಬುವುದನ್ನೂ ಬಿಟ್ಟೆ. ಗದಗ ಕಡೆ ಬೋರಿನ ನೀರು ಗಡಸು, ಚಹಾ ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತದಲ್ವಾ, ಹಾಗೇ ಒಳಗೆ ಕಟ್ಟುತ್ತದೆ. ಈಗ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು. ಬ್ಯಾಟರಿಗೂ ಅದೇ ಡಿಸ್ಟಿಲ್ಡ್ ನೀರು, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ.

ಟಾಯರಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಬೇರೆ. ಬೆಳಗ್ಗೆ 110 ಪೌಂಡ್ (psi) ಇದ್ದ ಹವಾ ಮಧ್ಯಾಹ್ನ ಓಡಿ ನಿಂತಾಗ 125 ತೋರಿಸಿತು. ಒಡೆಯುತ್ತದೆ ಅಂತ ಹೆದರಿ, ಗದಗಿನಲ್ಲಿ ಪಂಕ್ಚರ್ ಅಂಗಡಿ ಹುಡುಗನ ಕೈಯಲ್ಲಿ ಎಲ್ಲಾ ಗಾಲಿಯಿಂದ ಇಳಿಸಿದೆ. ಮರುದಿನ ಬೆಳಗ್ಗೆ ತಣ್ಣಗಾದ ಮೇಲೆ ನೋಡಿದರೆ 95ಕ್ಕೆ ಬಂದಿದೆ. ಕಾದಾಗ ಅಷ್ಟು ಏರುವುದು ಸಹಜ. ಬಿಸಿಲಲ್ಲಿ ಟಾಯರ್ ಒಡೆಯುವುದು ಹೆಚ್ಚಾಗಿ ಹವಾ ಕಡಿಮೆ ಇದ್ದಾಗ, ಪಕ್ಕದ ಗೋಡೆ ಮಡಚಿ ಮಡಚಿ ಕಾದು. ಜೋಡಿ ಗಾಲಿಯಲ್ಲಿ ಒಳಗಿನದರ ಹವಾ ಇಳಿದರೂ ಕಣ್ಣಿಗೆ ಬೀಳುವುದಿಲ್ಲ, ಆಗ ಹೊರಗಿನದೇ ಎರಡರ ಭಾರ ಹೊರುತ್ತಿರುತ್ತದೆ. ಅದಕ್ಕೆ ಹೊರಡುವ ಮೊದಲೇ, ಗಾಡಿ ತಣ್ಣಗಿರುವಾಗ ಗೇಜ್ ಹಚ್ಚುವುದು. ಚಹಾಕ್ಕೆ ನಿಂತಾಗ ರಾಡಿನಿಂದ ಒಂದೊಂದು ಏಟು, ಸದ್ದು ಮೊದ್ದಾಗಿದ್ದರೆ ಹವಾ ಇಲ್ಲ. ಜೊತೆಗೇ ಕೈ ಬೆನ್ನನ್ನು ಹಬ್ ಹತ್ತಿರ ಒಯ್ದು ನೋಡುತ್ತೇನೆ. ಒಂದು ಗಾಲಿ ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಗ್ರೀಸ್ ಮುಗಿದಿದೆ.

ಹತ್ತಿ ಸೀಸನ್ ಮುಗಿದ ಮೇಲೆ, ಯುಗಾದಿ ಒಳಗೆ, ಎರಡೂ ಗಾಡಿಗೆ ಬಲ್ಬ್ ಹಿಡಿಸುತ್ತೇನೆ. ಬಿಚ್ಚಿದರೆ ಒಂದು ದಿನ ಗಾಡಿ ನಿಲ್ಲುತ್ತದೆ, ಒಂದು ಟ್ರಿಪ್ ಬಾಡಿಗೆ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ ನಿಜ. ಈ ವರ್ಷ ನನ್ನ ಗಾಡಿಯಲ್ಲಿ ಬೆಳಕು ಪೂರ್ತಿ ಬಂತು. ಇನ್ನೊಂದರಲ್ಲಿ ಕೆಳಗಿನ ಎಡ ಮೂಲೆ ಅಂಗೈ ಅಗಲ ಕಪ್ಪಗಿತ್ತು. ಡ್ರೈವರ್ "ಅಣ್ಣಾರ, ಇಷ್ಟಕ್ಕೇನ್ ಆಗಂಗಿಲ್ಲ ತಗೋರಿ" ಅಂದ. ಬಿಚ್ಚಿಸಿದೆ.